ಓರೆಯಾಗಿ ಕತ್ತರಿಸಿದ ಅಂಗಿ, ನಿಂತೇ ಇದ್ದ ಕಾರು

ಹೊಸ ಹತ್ತಿ ಬಟ್ಟೆಗೆ ನೀರು ಚಿಮುಕಿಸಿ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಗಂಜಿ, ಸ್ವಲ್ಪ ತಳ ಹಿಡಿದ ಅನ್ನ, ಸ್ವಲ್ಪ ಒದ್ದೆ ಸುಣ್ಣದ ಗೋಡೆ. ಹೋದ ವಾರ ಮೈಸೂರಿನ ನಮ್ಮ ಮನೆಯಲ್ಲಿ ದಿಂಬಿನ ಚೀಲಕ್ಕೆಂದು ತಂದ ಬಟ್ಟೆಯನ್ನು ಇಸ್ತ್ರಿ ಮಾಡುತ್ತಿದ್ದಾಗ ಅದು ಮೂಗಿಗೆ ಬಡಿಯಿತು. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ನಾನು ಅಲ್ಲೇ ನಿಂತೆ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ, ಕೊಲ್ಲಿ ದೇಶದ ದೋಹಾ ಅಲ್ ಜದೀದಾ ಬಡಾವಣೆಯ ಮೂರನೆಯ ಮಹಡಿ, ನಾನು, ನನ್ನ ಗಂಡ ಶ್ರೀಕಂಠ, ಒಂದು ಅಂಗಿ.

ವಾಸನೆಯೊಂದು ಇಡೀ ಕಾಲವನ್ನು ಎಬ್ಬಿಸಿ ಕೂರಿಸುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ನನಗೆ ಸಿಕ್ಕಿದ್ದು ತುಂಡುಗಳು ಮಾತ್ರ. ಊಟದ ಮೇಜಿನ ತುಂಬ ಹರಡಿದ ಟ್ರೇಸಿಂಗ್ ಪೇಪರು. ಕಿಟಕಿಯ ಎಸಿಯಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರು. ಕಟ್ಟಡದ ಕೆಳಗೆ ಧೂಳು ಹೊದ್ದು ನಿಂತ ಬಿಳಿ ಕಾರು. ನಡುವಿನ ಜಾಗಗಳನ್ನು ತುಂಬುತ್ತಿರುವವಳು ಇವತ್ತಿನ ನಾನು. ಎಲ್ಲಿ ತುಂಬಿದ್ದೇನೆಂದು ನನಗೇ ಗೊತ್ತಾದ ಕಡೆ ಹೇಳುತ್ತಾ ಹೋಗುತ್ತೇನೆ.

ಕಾರಿನಿಂದಲೇ ಶುರು ಮಾಡಬೇಕು. ಅದು ನಮ್ಮದು. ಶ್ರೀಕಂಠನ ಆಫೀಸಿನ ಒಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಾಗ ಅದನ್ನು ನಮಗೆ ಕೊಟ್ಟು, ತಾವೇ ತಂದು ಕಟ್ಟಡದ ಕೆಳಗೆ ನಿಲ್ಲಿಸಿ, ಕೀಲಿಕೈಯನ್ನು ಅವನ ಕೈಗಿಟ್ಟು ಹೋಗಿದ್ದರು. ಆಮೇಲೆ ಅದು ಅಲ್ಲಿಂದ ಕದಲಲಿಲ್ಲ. ಯಾಕೆಂದರೆ ನಮ್ಮಿಬ್ಬರಲ್ಲಿ ಯಾರಿಗೂ ಲೈಸೆನ್ಸ್ ಇರಲಿಲ್ಲ. ಶ್ರೀಕಂಠ ಟೆಸ್ಟಿನಲ್ಲಿ ಎಷ್ಟು ಸಲ ಫೇಲಾಗಿದ್ದ ಎಂಬುದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಕೊನೆಗೆ ಅದರ ಆಸೆಯನ್ನೇ ಬಿಟ್ಟು ಕಂಪನಿಯ ಬಸ್ಸಿನಲ್ಲಿ ಓಡಾಡುತ್ತಿದ್ದ. ಲೈಸೆನ್ಸ್ ತೆಗೆಯಬೇಕಾದವಳು ನಾನು. ಕಾರು ಮೊದಲೇ ಬಂದುಬಿಟ್ಟಿತ್ತು. ಶ್ರೀಕಂಠನ ಉತ್ಸಾಹ ಯಾವತ್ತೂ ಹಾಗೆಯೇ, ಒಂದು ಹೆಜ್ಜೆ ಮುಂದೆ.

ಕೆಳಗೆ ಬಕಾಲ, ಅಂದರೆ ದಿನಸಿ ಅಂಗಡಿ ನಡೆಸುತ್ತಿದ್ದ ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿ. ಪ್ರತಿ ಶುಕ್ರವಾರ ಬೆಳಿಗ್ಗೆ ಶ್ರೀಕಂಠ ಬಕೆಟ್ಟು ಹಿಡಿದು ಕಾರು ತೊಳೆಯಲು ಇಳಿದರೆ ಅವರು ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಎಂತ ಸಾರ್, ವಾರ ವಾರ ನೀರು ಹಾಕ್ತೀರಿ. ಚಿಗುರು ಬಂತಾ?"

"ಬರುತ್ತೆ ಹಮೀದಾಕ. ಬೇರು ಹಿಡೀಲಿ ಅಂತ ಕಾಯ್ತಿದೀನಿ."

"ಹಿಡಿದಾಯ್ತು ಸಾರ್. ಟಯರ್ ನೋಡಿ, ಮಣ್ಣಿಗೆ ಇಳಿದುಂಟು."

ನನಗೆ ನಗು ಬರುತ್ತಿರಲಿಲ್ಲ. ಅಲ್ ಥುಮಾಮಾದಲ್ಲಿ, ವಿಮಾನ ನಿಲ್ದಾಣದ ಆಚೆ, ಒಂದು ವಿಲ್ಲಾದಲ್ಲಿ ಮಕ್ಕಳ ನರ್ಸರಿ ನಡೆಯುತ್ತಿತ್ತು. ಅದರ ಪ್ರಿನ್ಸಿಪಾಲ್ ಶ್ರೀಲಂಕಾದ ಹೆಂಗಸು. ನನ್ನನ್ನು ಮಾತಾಡಿಸಿ, ಮೈಸೂರಿನಲ್ಲಿ ಪಾಠ ಮಾಡಿದ್ದನ್ನೆಲ್ಲ ಕೇಳಿ, ಒಪ್ಪಿಕೊಂಡಿದ್ದರು. ಒಂದೇ ಷರತ್ತು: ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯುತ್ತದೆ, ಟೀಚರುಗಳಿಗೆ ಬಸ್ಸಿಲ್ಲ, ನೀನೇ ಬರಬೇಕು. ಮದುವೆಯಾಗಿ ಬಂದು ಎರಡು ವರ್ಷ ನಾನು ಆ ಮೂರನೆಯ ಮಹಡಿಯಲ್ಲಿ ಕೂತಿದ್ದೆ. ಬೆಳಿಗ್ಗೆ ಆರಕ್ಕೆ ಗಂಡ ಬಸ್ಸು ಹತ್ತಿದರೆ ಸಂಜೆಯ ತನಕ ನನ್ನ ಜೊತೆ ಮಾತಾಡುತ್ತಿದ್ದದ್ದು ಎಸಿ ಒಂದೇ. ಆ ಕೆಲಸ ನನಗೆ ಬೇಕಿತ್ತು. ಬಾಯಾರಿದವರಿಗೆ ನೀರು ಬೇಕಾದ ಹಾಗೆ ಬೇಕಿತ್ತು.

ಆದರೆ ಟೆಸ್ಟಿನಲ್ಲಿ ಎರಡು ಸಲ ಫೇಲಾದೆ. ಎರಡು ಸಲವೂ ಒಂದೇ ಕಡೆ: ಕಾರನ್ನು ಹಿಂದಕ್ಕೆ ತೆಗೆದುಕೊಂಡು ಕಂಬಗಳ ನಡುವೆ ಎಲ್ ಆಕಾರದಲ್ಲಿ ನಿಲ್ಲಿಸುವಾಗ. ಸೆಪ್ಟೆಂಬರಿಗೆ ಮುಂಚೆ ಇನ್ನೊಂದೇ ಅವಕಾಶ ಉಳಿದಿತ್ತು.

ನನಗೆ ಕಲಿಸುತ್ತಿದ್ದವರು ಈಜಿಪ್ಟಿನ ಒಬ್ಬ ಮಹಿಳೆ. ಎಲ್ಲರೂ ಮದಾಮ್ ಎನ್ನುತ್ತಿದ್ದರು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಕಡಿಮೆ. "ಬ್ಯಾಕ್, ವಿಜಯಾ, ಬ್ಯಾಕ್. ಮಿರರ್ ಮಾಫಿ. ನೆಕ್, ಶೋಲ್ಡರ್, ಆಲ್ ಬ್ಯಾಕ್." ಕನ್ನಡಿ ನೋಡಬೇಡ, ಇಡೀ ಮೈ ತಿರುಗಿಸಿ ಹಿಂದೆ ನೋಡು ಅಂತ. ನಾನು ತಿರುಗುತ್ತಿದ್ದೆ. ಅರ್ಧಕ್ಕೆ ಬಂದಾಗ ಬೆನ್ನಿನ ಮೇಲೆ ಏನೋ ಹಿಡಿದು ನಿಲ್ಲಿಸುತ್ತಿತ್ತು. ಅದು ನನ್ನ ಕಮೀಜು. ಮೈಸೂರಿನ ನಮ್ಮ ದರ್ಜಿ ಸೀರೆಯ ರವಿಕೆಗೆ ಅಳತೆ ತೆಗೆದ ಹಾಗೆಯೇ ಕಮೀಜಿಗೂ ತೆಗೆಯುತ್ತಿದ್ದ. ಕಂಕುಳಲ್ಲಿ ಬೆರಳು ಹೋಗದಷ್ಟು ಬಿಗಿ, ಬೆನ್ನಿಗೆ ಅಂಟಿದ ಹಾಗೆ. ನಿಂತು ಫೋಟೋ ತೆಗೆಸಿಕೊಳ್ಳಲು ಚೆಂದ. ಅದರೊಳಗೆ ಹಿಂದಕ್ಕೆ ತಿರುಗಲು ಹೊರಟರೆ ಬಟ್ಟೆ ಎಲ್ಲಿ ನಿಂತಿತೋ ನಾನೂ ಅಲ್ಲೇ ನಿಲ್ಲುತ್ತಿದ್ದೆ.

ಇದನ್ನು ಮೊದಲು ಕಂಡುಹಿಡಿದವರು ಮೇಲಿನ ಮಹಡಿಯ ಐರಿನ್ ಬಾಯಿ. ಮೂಡಬಿದಿರೆ ಕಡೆಯವರು, ನರ್ಸು, ವರ್ಷಗಟ್ಟಲೆಯಿಂದ ತಾವೇ ಕಾರು ಓಡಿಸಿಕೊಂಡು ಡ್ಯೂಟಿಗೆ ಹೋಗುವವರು. ಎರಡನೆಯ ಸಲ ಫೇಲಾಗಿ ಬಂದ ದಿನ ಅವರೆದುರು ಕುರ್ಚಿಯಲ್ಲಿ ಕೂತು ತಿರುಗಿ ತೋರಿಸಿದೆ.

"ಅಯ್ಯೋ, ನಿಮಗೆ ಬ್ಯಾಂಡೇಜ್ ಸುತ್ತಿದ್ದು ಯಾರು ಮಾರಾಯ್ರೆ? ನಾವು ಪೇಶಂಟಿಗೂ ಇಷ್ಟು ಬಿಗಿ ಸುತ್ತುವುದಿಲ್ಲ."

ಮೇಲೆ ಹೋಗಿ ಒಂದು ಹಳೆಯ ಲಕೋಟೆ ತಂದರು. ಅವರ ಆಸ್ಪತ್ರೆಯಲ್ಲಿ ಹಿಂದೆ ಇದ್ದ ಇಂಗ್ಲಿಷ್ ಮೇಟ್ರನ್ ಊರಿಗೆ ಹೋಗುವಾಗ ಕೊಟ್ಟದ್ದಂತೆ. ಹೊರಗೆ ಒಂದು ಚಿತ್ರ: ಬಿಳಿಯ ಹೆಂಗಸೊಬ್ಬಳು ಸಡಿಲವಾದ, ತೊಡೆಯ ತನಕ ಇಳಿದ ಶರ್ಟು ತೊಟ್ಟು, ಕೈಗಳನ್ನು ಜೇಬಿಗಿಳಿಸಿ, ಪ್ರಪಂಚದಲ್ಲಿ ಅವಸರವೆಂಬುದೇ ಇಲ್ಲದ ಹಾಗೆ ನಿಂತಿದ್ದಾಳೆ. ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ, ಅದರ ಮೇಲೆ ಗೆರೆಗಳು. ಹೇಗೆ ಹೊಲಿಯಬೇಕೆಂದು ಹೇಳುವ ಹಾಳೆ ಎಂದೋ ಕಳೆದುಹೋಗಿತ್ತು.

"ಇದು ಪ್ಯಾಟರ್ನ್. ಹೀಗೇ ಕತ್ತರಿಸಿ ಹೊಲಿದರೆ ಆಯ್ತು, ಅಳತೆ ಗಿಳತೆ ಬೇಡ," ಅಂದರು ಐರಿನ್ ಬಾಯಿ. "ಕಾಗದಕ್ಕೆ ಕತ್ತರಿ ಹಾಕ್ಬೇಡಿ ಮತ್ತೆ. ಇನ್ನೊಂದು ಸಿಕ್ಕುವುದಿಲ್ಲ."

ನನಗೆ ಹೊಲಿಗೆ ಅಲ್ಪಸ್ವಲ್ಪ ಬರುತ್ತಿತ್ತು. ಲಂಗ, ದಿಂಬಿನ ಚೀಲ, ಪರದೆ. ಅಂಗಿ ಹೊಲಿದವಳಲ್ಲ. ಆ ಕಾಗದವನ್ನು ಮೇಜಿನ ಮೇಲೆ ಬಿಡಿಸಿ, ಬೇರೆ ಬೇರೆ ಮೈಯಳತೆಗೆಂದು ಒಂದರ ಮೇಲೊಂದು ಬಿದ್ದ ಗೆರೆಗಳನ್ನು ನೋಡಿ ಮಡಚಿಡುವುದರಲ್ಲಿದ್ದೆ. ಆಗ ಶ್ರೀಕಂಠ ಬಸ್ಸಿಳಿದು ಬಂದ.

ಅವನ ಕೆಲಸವನ್ನು ಇಲ್ಲಿ ಹೇಳಬೇಕು. ದೊಡ್ಡ ಕಟ್ಟಡಗಳ ಚಾವಣಿಯೊಳಗೆ ಎಸಿಯ ತಂಪು ಗಾಳಿ ಹರಿಯುವ ತಗಡಿನ ಕೊಳವೆಗಳಿರುತ್ತವಲ್ಲ, ಡಕ್ಟು, ಅದರ ಡ್ರಾಫ್ಟ್ಸ್‌ಮನ್ ಅವನು. ಊರಿಗೆಲ್ಲ ಡಕ್ಟು ಬರೆಯುವವನ ಮನೆಯಲ್ಲಿ ಮಾತ್ರ ಗೊರಗೊರ ಸದ್ದಿನ ಕಿಟಕಿ ಎಸಿ. ಮಡಚಿ ಜೋಡಿಸಿದರೆ ಕೊಳವೆಯಾಗಬೇಕಾದ ತಗಡನ್ನು ಚಪ್ಪಟೆಯಾಗಿ ಹೇಗೆ ಕತ್ತರಿಸಬೇಕು ಎಂದು ಬರೆದುಕೊಡುವುದು ಅವನ ದಿನನಿತ್ಯದ ಕೆಲಸ. ಟೈ ಬಿಚ್ಚುತ್ತಾ ಮೇಜಿನ ಹತ್ತಿರ ಬಂದವನು ಟೈಯನ್ನು ಅರ್ಧಕ್ಕೇ ಬಿಟ್ಟು ಬಗ್ಗಿದ.

"ವಿಜಿ, ಇದೆಲ್ಲಿ ಸಿಕ್ತು ನಿಂಗೆ? ಇದು ಡೆವಲಪ್‌ಮೆಂಟ್ ಡ್ರಾಯಿಂಗ್ ಕಣೇ."

"ಅದು ಅಂಗಿ ರೀ."

"ಅಂಗಿನೇ. ಮನುಷ್ಯನ್ನ ಬಿಡಿಸಿ ಚಪ್ಪಟೆ ಮಾಡಿದಾರೆ ನೋಡು. ಇದು ತೋಳು. ಈ ಗುಡ್ಡ ಇದೆಯಲ್ಲ, ಇದು ಹೋಗಿ ಈ ಹಳ್ಳದಲ್ಲಿ ಕೂತ್ಕೊಳತ್ತೆ. ಗುಡ್ಡದ ಗೆರೆ ಹಳ್ಳದ ಗೆರೆಗಿಂತ ಉದ್ದ ಇದೆ. ಯಾಕೆ? ಭುಜ ಉಬ್ಬಿರತ್ತಲ್ಲ, ಅದಕ್ಕೆ. ಎಂಥಾ ತಲೆ ಇವನದು."

ನಾನು ಕಾಫಿ ಮಾಡಿ ತಂದೆ. ಅವನು ಕುಡಿಯಲಿಲ್ಲ. ಮರುದಿನ ಆಫೀಸಿನಿಂದ ಟ್ರೇಸಿಂಗ್ ಪೇಪರಿನ ಸುರುಳಿ, ಡ್ರಾಯಿಂಗ್ ಪೆನ್ನು, ವಕ್ರರೇಖೆಗಳನ್ನು ಎಳೆಯುವ ಪ್ಲಾಸ್ಟಿಕ್ಕಿನ ಅಚ್ಚು ಹೊತ್ತು ತಂದ. ನನ್ನ ಎದೆ, ಸೊಂಟ, ತೋಳಿನ ಸುತ್ತಳತೆ ತೆಗೆದು, ಯಾವ ಗೆರೆ ನನ್ನದೆಂದು ಹುಡುಕಿ, ಟ್ರೇಸಿಂಗ್ ಪೇಪರು ಮೇಲಿಟ್ಟು ಒಂದೊಂದೇ ತುಂಡನ್ನು ನಕಲು ಮಾಡಿದ. ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಚೌಕ ಹಾಕಿ ಡ್ರಾಯಿಂಗ್ ನಂಬರು, ಬರೆದವರ ಹೆಸರು, ಪರಿಶೀಲಿಸಿದವರ ಹೆಸರು. ಪರಿಶೀಲಿಸಿದವಳು ನಾನು. ಸಹಿ ಹಾಕಿಸಿಕೊಂಡ.

ಬಟ್ಟೆಗೆ ಕೈ ಹಾಕುವ ಮುಂಚೆ ಕಾಗದದಲ್ಲಿ ಮಾದರಿ ನೋಡೋಣ ಅಂದ. ಬಿಳಿ ಡ್ರಾಯಿಂಗ್ ಶೀಟುಗಳನ್ನು ಕತ್ತರಿಸಿ, ಸ್ಟೇಪ್ಲರು, ಸೆಲೋಟೇಪು ಹಿಡಿದು, ನನ್ನ ಮೈಮೇಲೆಯೇ ಒಂದು ಅಂಗಿಯನ್ನು ಕಟ್ಟಿದ. ನಾನು ಮೇಜಿನ ಪಕ್ಕ ಕೈಗಳನ್ನು ಅಗಲಿಸಿ ನಿಂತಿದ್ದೆ. ಉಸಿರೆಳೆದರೆ ಕಾಗದ ಪರಪರ ಅನ್ನುತ್ತಿತ್ತು. ಆಗ ಬಾಗಿಲ ಬೆಲ್ ಆಯಿತು. ಶ್ರೀಕಂಠ ಯೋಚಿಸದೆ ಬಾಗಿಲು ತೆಗೆದ. ಖುಬೂಸ್ ರೊಟ್ಟಿ, ಮಜ್ಜಿಗೆಯ ಡಬ್ಬ ಹಿಡಿದು ಹಮೀದಾಕ ನಿಂತಿದ್ದರು. ನನ್ನನ್ನು ತಲೆಯಿಂದ ಮೊಣಕಾಲಿನ ತನಕ ನೋಡಿದರು.

"ಟೀಚರನ್ನು ಪಾರ್ಸೆಲ್ ಮಾಡ್ತಿದ್ದೀರಾ ಸಾರ್? ಊರಿಗಾ?"

"ಇಲ್ಲ ಹಮೀದಾಕ, ಥುಮಾಮಾಕ್ಕೆ," ಅಂದೆ ನಾನು.

ಅವರು ನಕ್ಕು ರೊಟ್ಟಿಯನ್ನು ಬಾಗಿಲ ಬಳಿ ಇಟ್ಟು ಹೋದರು. ಇನ್ನೂ ಕೆಲಸ ಸಿಕ್ಕಿರದ ನನ್ನನ್ನು ಆ ಬೀದಿಯಲ್ಲಿ ಮೊದಲಿನಿಂದಲೂ ಟೀಚರ್ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಮೊದಲಿನಿಂದಲೇ ಕರೆಯುತ್ತಿದ್ದರೋ ಅಥವಾ ಆಮೇಲಿನ ಕರೆಯನ್ನು ನಾನು ಹಿಂದಕ್ಕೆ ತಂದು ಇಲ್ಲಿ ಕೂರಿಸುತ್ತಿದ್ದೇನೋ, ಖಚಿತವಿಲ್ಲ.

ಬಟ್ಟೆ ತಂದದ್ದು ಸೂಕಿನಿಂದ, ಅಂದರೆ ಅಲ್ಲಿನ ಹಳೆಯ ಪೇಟೆಯಿಂದ. ಗುರುವಾರ ಸಂಜೆ, ಅಂಗಡಿಯಿಂದ ಅಂಗಡಿಗೆ, ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಸುಕ್ಕು ನೋಡುತ್ತಾ ನಡೆದೆವು. ಮಿಂಚುವ ಪಾಲಿಯೆಸ್ಟರುಗಳ ನಡುವೆ ಒಂದು ಮೆತ್ತನೆಯ ಹತ್ತಿ ಸಿಕ್ಕಿತು, ಬಣ್ಣ ಒಂದೇ, ಗೆರೆಯಿಲ್ಲ, ಹೂವಿಲ್ಲ. ನನ್ನ ನೆನಪಿನಲ್ಲಿ ಅದು ಪಿಸ್ತಾ ಹಸಿರು. ಶ್ರೀಕಂಠ ಇವತ್ತಿಗೂ ತಿಳಿನೀಲಿ ಎನ್ನುತ್ತಾನೆ. ಬಣ್ಣದ ವಿಷಯದಲ್ಲಿ ಅವನ ಮಾತು ನಂಬುವಂಥದ್ದಲ್ಲ, ಆದರೆ ನನ್ನದನ್ನೂ ನಂಬಲೇಬೇಕೆಂದೇನಿಲ್ಲ. ಲಕೋಟೆಯ ಮೇಲೆ ಇಷ್ಟು ಮೀಟರು ಬೇಕೆಂದು ಬರೆದಿತ್ತು. ಶ್ರೀಕಂಠ ಅಂಗಡಿಯವನಿಗೆ ಅದಕ್ಕಿಂತ ಮುಕ್ಕಾಲು ಮೀಟರು ಕಡಿಮೆ ಕತ್ತರಿಸಲು ಹೇಳಿದ.

"ರೀ, ಸಾಲದೆ ಬಂದ್ರೆ?"

"ಬರಲ್ಲ. ಅವರಿಗೆ ನೆಸ್ಟಿಂಗ್ ಗೊತ್ತಿಲ್ಲ. ನಾನು ಮಾಡಿ ತೋರಿಸ್ತೀನಿ."

ನೆಸ್ಟಿಂಗ್ ಅಂದರೆ ತಗಡಿನ ಹಾಳೆಯ ಮೇಲೆ ತುಂಡುಗಳನ್ನು ಒಂದರ ಸಂದಿಯಲ್ಲಿ ಇನ್ನೊಂದು ಬರುವ ಹಾಗೆ ತಿರುಗಿಸಿ, ಓರೆ ಮಾಡಿ, ತಲೆಕೆಳಗು ಮಾಡಿ, ಚೂರೂ ವ್ಯರ್ಥವಾಗದಂತೆ ಜೋಡಿಸುವುದು. ಅದರಲ್ಲಿ ಅವನು ಆಫೀಸಿನಲ್ಲೇ ಹೆಸರುವಾಸಿ.

ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿದೆ. ಆ ವಾಸನೆ ಆಗ ಎದ್ದದ್ದು. ಶುಕ್ರವಾರ ಬೆಳಿಗ್ಗೆ, ಹೊರಗೆ ಧೂಳುಗಾಳಿ ಬೀಸಿ ಕಿಟಕಿಯ ಗಾಜು ಕಂದಾಗಿತ್ತು. ಹಾಲಿನ ನೆಲವನ್ನು ಒರೆಸಿ ಬಟ್ಟೆ ಹಾಸಿದೆವು. ಇಬ್ಬರೂ ಮಂಡಿಯೂರಿ ಅದರ ಸುತ್ತ ತೆವಳುತ್ತಾ ತುಂಡುಗಳನ್ನು ಜರುಗಿಸತೊಡಗಿದೆವು. ಮದುವೆಯಾದ ಮೇಲೆ ಅಷ್ಟು ಹೊತ್ತು ಒಟ್ಟಿಗೆ ಒಂದೇ ವಿಷಯ ಮಾತಾಡಿದ್ದು ಅದೇ ಮೊದಲು ಎಂದು ಬರೆಯಬೇಕೆನಿಸುತ್ತದೆ. ಮೊದಲಿರಲಾರದು. ಆದರೆ ನನ್ನ ಮೈಗೆ ಹಾಗೆ ನೆನಪಿದೆ: ಕಿವಿ ಬಿಸಿ, ಮಂಡಿ ನೋವು, ನಗು.

ಪ್ರತಿ ತುಂಡಿನ ಮೇಲೆ ಒಂದು ಉದ್ದ ಬಾಣದ ಗುರುತಿತ್ತು. ನಕಲಿನಲ್ಲಿ ಶ್ರೀಕಂಠ ಅದನ್ನೂ ಚೊಕ್ಕವಾಗಿ ಎಳೆದಿದ್ದ.

"ಇದೇನು ರೀ ಬಾಣ?"

"ಏರ್‌ಫ್ಲೋ. ಗಾಳಿ ಹೋಗೋ ದಿಕ್ಕು."

"ಅಂಗಿಯಲ್ಲಿ?"

"ಕಂಫರ್ಟಬಲ್ ಅಂತ ಲಕೋಟೆ ಮೇಲೇ ಹಾಕಿದಾನಲ್ಲೇ. ಸಡಿಲ ಅಂಗಿ. ಕೆಳಗಿಂದ ಗಾಳಿ ನುಗ್ಗಿ ಕತ್ತಿನಲ್ಲಿ ಆಚೆ ಹೋಗತ್ತೆ. ನೋಡು, ಬೆನ್ನಿನ ಬಾಣ ಹಾಗೇ ಇದೆಯಲ್ಲ. ನಮ್ಮ ಡ್ರಾಯಿಂಗಲ್ಲೂ ಹೀಗೇ ಹಾಕ್ತೀವಿ. ಕಟಿಂಗಿಗೂ ಅದಕ್ಕೂ ಸಂಬಂಧ ಇಲ್ಲ."

ಹೊರಗೆ ನಲವತ್ತು ದಾಟಿದ ಬಿಸಿಲಿದ್ದ ಊರಿನಲ್ಲಿ ಆ ಮಾತು ಎಷ್ಟು ಸರಿಯಾಗಿ ಕೇಳಿಸಿತೆಂದರೆ ನಾನು ತಲೆಯಾಡಿಸಿದೆ. ಆ ಬಾಣ ಹೇಳುತ್ತಿದ್ದದ್ದು ಬೇರೆಯೇ. ಬಟ್ಟೆಯ ಉದ್ದ ದಾರ ಈ ದಿಕ್ಕಿನಲ್ಲಿರಲಿ, ತುಂಡನ್ನು ಇದಕ್ಕೆ ನೇರವಾಗಿ ಇಡು ಎಂದು. ತಗಡಿಗೆ ದಾರವಿಲ್ಲ. ತಗಡನ್ನು ಹೇಗೆ ತಿರುಗಿಸಿ ಕತ್ತರಿಸಿದರೂ ತಗಡೇ. ನೇಯ್ದ ಬಟ್ಟೆ ಹಾಗಲ್ಲ.

ಅಂಗಿಯ ಎದೆಭಾಗದ ಎರಡು ತುಂಡುಗಳು ನೇರವಾಗಿ ಕೂತವು, ಬಲದ ತೋಳೂ ಕೂತಿತು. ಉಳಿದ ಜಾಗದಲ್ಲಿ ಬೆನ್ನನ್ನೂ ಎಡದ ತೋಳನ್ನೂ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಿದರೆ ಮಾತ್ರ ಎಲ್ಲ ಹಿಡಿಯುತ್ತಿತ್ತು. ಮಲಗಿಸಿದೆವು. ಇಲ್ಲಿ ನಮ್ಮಿಬ್ಬರ ನೆನಪು ಬೇರೆ ಬೇರೆ. ಬೆನ್ನಿನ ತುಂಡನ್ನು ಓರೆಗೆ ತಿರುಗಿಸಿದವನು ಅವನು ಎಂದು ನಾನು. "ನೀನೇ ಕಣೇ, 'ಹಾಗಲ್ಲ ರೀ ಹೀಗೆ' ಅಂತ ತಿರುಗಿಸಿ, ಕೂತ್ಕೊಂಡ ತಕ್ಷಣ ಚಪ್ಪಾಳೆ ತಟ್ಟಿದೆ" ಎಂದು ಅವನು. ಚಪ್ಪಾಳೆ ನನಗೂ ಕೇಳಿಸುತ್ತದೆ. ಕೈ ಯಾರದೆಂದು ಕಾಣಿಸುವುದಿಲ್ಲ.

ಕತ್ತರಿ ನಾನು ಹಿಡಿದೆ. ಬಟ್ಟೆ ಕತ್ತರಿಸುವಾಗ ಕತ್ತರಿಯ ಬಾಯಿ ಪೂರ್ತಿ ಮುಚ್ಚದೆ ಮುಂದೆ ತಳ್ಳುತ್ತಾ ಹೋಗಬೇಕು, ಆಗ ಅಂಚು ಹಲ್ಲುಹಲ್ಲಾಗುವುದಿಲ್ಲ. ಆ ಸದ್ದು ಈಗಲೂ ಬೆರಳಿನಲ್ಲಿದೆ. ಉಳಿದ ಚೂರುಗಳೆಲ್ಲ ಸೇರಿ ಒಂದು ಕರವಸ್ತ್ರದಷ್ಟೂ ಇರಲಿಲ್ಲ. ಶ್ರೀಕಂಠ ಅವುಗಳನ್ನು ಅಂಗೈಯಲ್ಲಿಟ್ಟು ನೋಡಿ ನೋಡಿ ಹಿಗ್ಗಿದ.

ಹೊಲಿಗೆ ಒಂದು ವಾರ ಹಿಡಿಯಿತು. ಹಗಲೆಲ್ಲ ನಾನೊಬ್ಬಳೇ, ಮೇಜಿನ ಮೇಲೆ ಪುಟ್ಟ ಮೆಷಿನ್ನು. ಎರಡು ವರ್ಷದಲ್ಲಿ ಮೊದಲ ಸಲ ಹೊತ್ತು ಹೋದದ್ದು ತಿಳಿಯಲಿಲ್ಲ. ಭುಜಗಳನ್ನು ಕೂಡಿಸಿದಾಗ ಚಪ್ಪಟೆಯಾಗಿದ್ದದ್ದು ಒಮ್ಮೆಲೇ ಬಾಗಿ ಎದ್ದು ನಿಂತಿತು, ನಾನು ಮೆಷಿನ್ನಿನ ಮುಂದೆ ಒಬ್ಬಳೇ ಜೋರಾಗಿ ನಕ್ಕೆ. ಕಾಲರು ಬಿಚ್ಚಿ ಹೊಲಿದೆ, ಮತ್ತೆ ಬಿಚ್ಚಿ ಹೊಲಿದೆ. ತೋಳಿನ ಗುಡ್ಡವನ್ನು ಕಂಕುಳಿನ ಹಳ್ಳಕ್ಕೆ ಕೂರಿಸುವಾಗ ಸಣ್ಣ ಸಣ್ಣ ಕಚ್ಚಾ ಹೊಲಿಗೆ ಹಾಕಿ, ಹೆಚ್ಚಾದ ಬಟ್ಟೆಯನ್ನು ಬೆರಳಿನಿಂದ ಹಂಚುತ್ತಾ ಹೋಗಬೇಕಿತ್ತು. ಬಲಗಡೆಯದು ಸತಾಯಿಸಿತು. ಎಡಗಡೆಯದು ಬೆಣ್ಣೆಯ ಹಾಗೆ ಜಾರಿ ಕೂತುಬಿಟ್ಟಿತು. ಅಭ್ಯಾಸವಾಯಿತು ಎಂದುಕೊಂಡೆ. ಬಟ್ಟೆ ಜಗ್ಗುತ್ತಿತ್ತು, ಅಷ್ಟೇ.

ಮುಗಿದ ದಿನ ಹ್ಯಾಂಗರಿಗೆ ಹಾಕಿ ಬಾಗಿಲಿಗೆ ತೂಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಎಡದ ತೋಳು ಬಲದ ತೋಳಿಗಿಂತ ಎರಡು ಬೆರಳಗಲ ಕೆಳಗೆ ಇಳಿದಿತ್ತು. ಬೆನ್ನಿನ ಅಂಚು ಎರಡು ಪಕ್ಕದಲ್ಲಿ ನಾಯಿಯ ಕಿವಿಯ ಹಾಗೆ ಜೋತಿತ್ತು. ಶ್ರೀಕಂಠ ಟೇಪು ಹಿಡಿದು ಅಳೆದ. ತನ್ನ ಡ್ರಾಯಿಂಗ್ ಅಳೆದ. ಎರಡೂ ತೋಳು ಕಾಗದದಲ್ಲಿ ಸಮವಾಗಿದ್ದವು. ಅವನ ಮುಖ ನೋಡಲಾಗುತ್ತಿರಲಿಲ್ಲ.

ಐರಿನ್ ಬಾಯಿಯನ್ನು ಕರೆದೆ. ಅವರು ಎಡದ ತೋಳನ್ನು ಎರಡು ಕೈಯಲ್ಲಿ ಹಿಡಿದು ಎಳೆದರು. ಅದು ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗಿತು.

"ಇದು ಕ್ರಾಸ್ ಆಗಿದೆ. ಬೆನ್ನೂ ಕ್ರಾಸ್. ಬಾಣ ಹಾಕಿದ್ದು ನೋಡ್ಲಿಲ್ವಾ ನೀವು?"

"ನೋಡಿದೆವು," ಅಂದ ಶ್ರೀಕಂಠ ಮೆಲ್ಲಗೆ. "ಏರ್‌ಫ್ಲೋ ಅಂದ್ಕೊಂಡೆ."

ಐರಿನ್ ಬಾಯಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಸೋಫಾದ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಶ್ರೀಕಂಠ ಅವ್ರೆ, ಹೆಂಡತಿಗೆ ಅಂಗಿ ಹೊಲಿಯುವುದೋ, ಎಸಿ ಫಿಟ್ ಮಾಡುವುದೋ?"

ಉದ್ದ ದಾರದ ದಿಕ್ಕಿಗೆ ಎಳೆದರೆ ಬಟ್ಟೆ ಜಗ್ಗುವುದಿಲ್ಲ, ಅಡ್ಡ ದಾರಕ್ಕೆ ಎಳೆದರೂ ಅಷ್ಟೇ, ಓರೆಗೆ ಎಳೆದರೆ ಮಾತ್ರ ಎರಡೂ ದಾರ ಜರುಗಿ ದಾರಿ ಕೊಡುತ್ತವೆ ಎಂದು ಅವರು ನನ್ನ ದುಪಟ್ಟಾ ಹಿಡಿದು ತೋರಿಸಿದರು. ನನಗೆ ಅಳು ಬಂತು. ಬಟ್ಟೆ ಉಳಿದಿರಲಿಲ್ಲ, ಟೆಸ್ಟಿಗೆ ದಿನವೂ ಉಳಿದಿರಲಿಲ್ಲ. ಹೊಸ ಬಟ್ಟೆ ತಂದು ಎರಡನೆಯ ಆವೃತ್ತಿ ಬರೆಯುತ್ತೇನೆ ಅಂದ ಶ್ರೀಕಂಠ. ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ. ಜೋತ ಅಂಚನ್ನು ನೇರಕ್ಕೆ ಕತ್ತರಿಸಿ ಮಡಚಿ ಹೊಲಿದೆ. ಎಡದ ಕಫ್ಫು ಬಿಚ್ಚಿ ತೋಳನ್ನು ಮೋಟು ಮಾಡಿದೆ. ಸಂಜೆ ಕ್ಲಾಸಿಗೆ ಅದನ್ನೇ ಹಾಕಿಕೊಂಡು ಹೊರಟೆ. ಕೋಪಕ್ಕೋ, ಸೆಖೆಗೋ.

ಕಲಿಕೆಯ ಮೈದಾನದಲ್ಲಿ ಕಂಬಗಳು, ಗೆರೆಗಳು, ಹಬೆಯಾಡುವ ಟಾರು. ಮದಾಮ್ ಪಕ್ಕದಲ್ಲಿ. ಆ ಊರಿನಲ್ಲಿ ಸ್ಟಿಯರಿಂಗು ಎಡಗಡೆ. ಹಿಂದಕ್ಕೆ ಹೋಗುವಾಗ ಎಡಗೈ ಚಕ್ರದ ನೆತ್ತಿಯ ಮೇಲಿರಬೇಕು, ಬಲಗೈ ಪಕ್ಕದ ಸೀಟಿನ ಬೆನ್ನಿಗೆ, ಮೈ ಪೂರ್ತಿ ಬಲಕ್ಕೆ ತಿರುಚಬೇಕು. ರಿವರ್ಸ್ ಹಾಕಿ ತಿರುಗಿದೆ. ಎಂದಿನ ಜಾಗದಲ್ಲಿ ಬಟ್ಟೆ ಹಿಡಿಯುತ್ತದೆಂದು ಮೈ ಕಾದಿತ್ತು. ಹಿಡಿಯಲಿಲ್ಲ. ಬೆನ್ನು ನನ್ನ ಜೊತೆಗೇ ಬಂತು. ಚಾಚಿದ ಎಡತೋಳಿನ ಬಟ್ಟೆ ಒಂದಿಷ್ಟು ಉದ್ದವಾಗಿ ಜೊತೆ ಕೊಟ್ಟಿತು. ಹಿಂದಿನ ಗಾಜು ಇಡಿಯಾಗಿ ಕಂಡಿತು. ಎರಡೂ ಕಂಬ, ಬಿಳಿ ಗೆರೆ, ಅದರಾಚೆ ನೀರಿನ ಟ್ಯಾಂಕರು, ಟ್ಯಾಂಕರಿನ ನೆರಳಲ್ಲಿ ಚಪ್ಪಲಿ ಬಿಟ್ಟು ಮಲಗಿದ ಡ್ರೈವರು. ಅಷ್ಟು ದಿನ ನನ್ನ ಹಿಂದೆ ಅಷ್ಟೊಂದು ಜಗತ್ತಿತ್ತೆಂದು ಗೊತ್ತೇ ಇರಲಿಲ್ಲ. ಕಾರು ಹಿಂದಕ್ಕೆ ಹೋಯಿತು, ತಿರುಗಿತು, ಕಂಬಗಳ ನಡುವೆ ನಿಂತಿತು.

ಮದಾಮ್ "ಅಗೇನ್," ಅಂದರು. ಮತ್ತೆ ಮಾಡಿದೆ. "ಅಗೇನ್." ಮತ್ತೆ. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಇನ್ನೂ ಬೇಕು, ಇನ್ನೂ ಒಂದು ಸಲ ಎಂದು ನಾನೇ ಕೇಳುತ್ತಿದ್ದೆ. ಕೊನೆಗೆ ಅವರು ನನ್ನ ಎಡದ ತೋಳನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ, "ವೇರ್ ಬೈ?" ಅಂದರು, ಎಲ್ಲಿ ಕೊಂಡೆ ಅಂತ.

"ಮೈ ಹಸ್ಬೆಂಡ್. ಎಂಜಿನಿಯರ್," ಅಂದೆ. ಅವನು ಎಂಜಿನಿಯರಲ್ಲ. ಆ ಗಳಿಗೆಯಲ್ಲಿ ಅಷ್ಟು ಬಡ್ತಿ ಕೊಡಬೇಕೆನಿಸಿತು.

ಅಂಗಿಯಿಂದಲೇ ಆಯಿತು ಎಂದು ನಿಲ್ಲಿಸಿದರೆ ಕತೆ ಚೆನ್ನಾಗಿರುತ್ತದೆ. ಅದಕ್ಕೇ ನನಗೆ ಅನುಮಾನ. ಅಂದು ನನಗೆ ಸಿಟ್ಟು ಬಂದಿತ್ತು, ಸಿಟ್ಟಿನಲ್ಲಿ ಭಯ ಮರೆತಿರಬಹುದು. ಮದಾಮ್ ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲು ಹೇಳಿದ್ದರು ಎಂದೂ ನೆನಪು, ಅದು ಅಂದೋ ಹಿಂದಿನ ವಾರವೋ ತಿಳಿಯದು. ಶ್ರೀಕಂಠನಿಗೆ ಮಾತ್ರ ಇಂಥ ಗೊಂದಲವಿಲ್ಲ. ವಿಷಯ ಕೇಳಿದ ಸಂಜೆಯೇ ತನ್ನ ಡ್ರಾಯಿಂಗುಗಳನ್ನು ತೆಗೆದು, ಬೆನ್ನಿನ ಮೇಲೂ ಎಡತೋಳಿನ ಮೇಲೂ ಓರೆ ಬಾಣ ಎಳೆದು, ಕೆಳಗೆ 'ಆ್ಯಸ್ ಬಿಲ್ಟ್' ಎಂದು ಬರೆದ. ಕಟ್ಟಡ ಮುಗಿದ ಮೇಲೆ, ಅದನ್ನು ನಿಜಕ್ಕೂ ಹೇಗೆ ಕಟ್ಟಿದರೋ ಹಾಗೆ ನಕ್ಷೆಯನ್ನು ತಿದ್ದಿ ಹಾಕುವ ಮುದ್ರೆ ಅದು. ಮತ್ತೆ ನನ್ನ ಸಹಿ ಬೇಕಾಯಿತು. ಈ ಸಲ ಸಂತೋಷದಿಂದ ಹಾಕಿದೆ.

ಟೆಸ್ಟಿನ ದಿನ ಗಾಳಿಯಲ್ಲಿ ನೀರಿತ್ತು. ಆಗಸ್ಟಿನ ಕೊನೆಯ ಆ ಸೆಖೆಯಲ್ಲಿ ಕನ್ನಡಕ ಹೊರಗೆ ತಂದರೆ ಮಂಜಾಗುತ್ತದೆ. ಒದ್ದೆ ಹವೆಗೆ ಎಡತೋಳು ಮತ್ತೆ ಇಳಿದು ಅಂಗೈ ಮುಟ್ಟುತ್ತಿತ್ತು, ಮಡಚಿ ಪಿನ್ನು ಚುಚ್ಚಿದ್ದೆ. ಪರೀಕ್ಷೆ ಮಾಡುವ ಪೊಲೀಸ್ ಅಧಿಕಾರಿ ಎಳೆಯ ವಯಸ್ಸಿನವರು, ಬೇಸರದ ಮುಖ. "ಯಲ್ಲಾ," ಅಂದರು, ನಡಿ ಅಂತ. ನಾನು ತಿರುಗಿದೆ. ಕಾರು ಕಂಬಗಳ ನಡುವೆ ಹೋಗಿ ಕೂತಿತು. ಅವರು ಕಂಬಗಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಕೈಯಿಂದ ಹೊರಗಿನ ರಸ್ತೆ ತೋರಿಸಿದರು. ರೌಂಡಬೌಟು, ಬಲಕ್ಕೆ, ಎಡಕ್ಕೆ, ಇನ್ನೊಂದು ರೌಂಡಬೌಟು. ವಾಪಸು ಬಂದು ನಿಲ್ಲಿಸಿದಾಗ ನಾನು ಕೇಳಿದೆ, "ಪಾಸ್?" ಅವರು ನೊಣ ಓಡಿಸುವವರಂತೆ ತಲೆಯಾಡಿಸಿ ಇಳಿದು ಹೋದರು. ಆಚೆ ಬೆಂಚಿನ ಮೇಲೆ ಕೂತಿದ್ದ ಮದಾಮ್ ಎರಡು ಕೈ ಮೇಲೆತ್ತಿದರು. ಆಗಲೇ ನನಗೆ ಅರ್ಥವಾದದ್ದು.

ಲೈಸೆನ್ಸ್ ಕೈಗೆ ಬಂದ ಸಂಜೆ ನಾನೂ ಶ್ರೀಕಂಠನೂ ಕೆಳಗಿಳಿದು, ಕಾರಿನ ಬಾಗಿಲು ತೆಗೆದು, ಗಂಭೀರವಾಗಿ ಕೂತೆವು. ಕೀಲಿ ತಿರುಗಿಸಿದೆ. ಟಕ್ ಎಂದು ಒಂದು ಸದ್ದು, ಮತ್ತೇನೂ ಇಲ್ಲ. ಬೇಸಿಗೆಯೆಲ್ಲ ನಿಂತು ಬ್ಯಾಟರಿ ಸತ್ತಿತ್ತು. ಹಮೀದಾಕ ಅಂಗಡಿ ಬಿಟ್ಟು ಓಡಿ ಬಂದರು.

"ನಾನು ಹೇಳಿಲ್ವಾ ಸಾರ್, ಬೇರು ಬಿಟ್ಟುಂಟು ಅಂತ. ಈಗ ಕೀಳ್ಬೇಕು."

ಪಕ್ಕದ ಸಲೂನಿನವರು, ಚಹಾದ ಅಂಗಡಿಯ ಮಲಯಾಳಿಗಳು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಪಠಾಣರು, ಐರಿನ್ ಬಾಯಿ, ಶ್ರೀಕಂಠ, ಎಲ್ಲರೂ ಹಿಂದಿನಿಂದ ತಳ್ಳಿದರು. ನಾಲ್ಕಾರು ಭಾಷೆಯಲ್ಲಿ ಯಲ್ಲಾ ಯಲ್ಲಾ. ನಾನು ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟೆ. ಕಾರು ಒಮ್ಮೆ ಕೆಮ್ಮಿ, ನಡುಗಿ, ಎದ್ದಿತು. ನಿಲ್ಲಿಸಿದರೆ ಮತ್ತೆ ಸಾಯುತ್ತದೆಂದು ನಿಲ್ಲಿಸಲಿಲ್ಲ. ತಳ್ಳಿದವರೆಲ್ಲ ಬೀದಿಯಲ್ಲೇ ಉಳಿದರು, ನನ್ನ ಗಂಡನೂ. ಬೀದಿಯ ತುದಿಯಲ್ಲಿ ತಿರುಗಿ, ಕಟ್ಟಡಗಳ ಸುತ್ತು ಹಾಕಿ ವಾಪಸು ಬಂದಾಗ ಅವನು ಎರಡೂ ಕೈ ಬೀಸುತ್ತಾ ರಸ್ತೆಯ ನಡುವೆ ನಿಂತಿದ್ದ. ಓಡುತ್ತಿದ್ದ ಕಾರಿಗೆ ಅವನು ಹೇಗೆ ಹತ್ತಿದನೋ ಕಾಣೆ. ಹತ್ತಿದ, ಉಸಿರು ಬಿಟ್ಟ. "ವಿಜಿ, ನಿಧಾನ," ಅಂದ. ಆಮೇಲೆ, "ಬೇಡ, ಹೀಗೇ ಹೋಗು," ಅಂದ.

ನರ್ಸರಿಯ ಮೊದಲ ದಿನ ನಾನು ಸೀರೆ ಉಟ್ಟಿದ್ದೆ, ಮೈಸೂರಿನ ಅದೇ ದರ್ಜಿ ಹೊಲಿದ ಬಿಗಿ ರವಿಕೆ ತೊಟ್ಟಿದ್ದೆ. ಇದರಲ್ಲಿ ಸಂಶಯವಿಲ್ಲ. ಅಂಗಿ ತೊಟ್ಟಿದ್ದೆನೆಂದು ಶ್ರೀಕಂಠ ಎಷ್ಟೇ ವಾದಿಸಲಿ, ಪಾಠ ಹೇಳಲು ಹೊರಟ ಮೊದಲ ದಿನ ನಾನು ಸೀರೆಯನ್ನೇ ಉಡುತ್ತಿದ್ದೆ. ಒಬ್ಬಳೇ ಹೊರಟೆ. ವಿಮಾನ ನಿಲ್ದಾಣದ ಹತ್ತಿರ ಒಂದು ವಿಮಾನ ನನ್ನ ನೆತ್ತಿಯ ಮೇಲೆಯೇ ಇಳಿಯಿತು, ನಾನು ಅದಕ್ಕೆ ದಾರಿ ಬಿಟ್ಟೆನೇನೋ ಎನ್ನುವಷ್ಟು ಹತ್ತಿರ. ಥುಮಾಮಾದಲ್ಲಿ ಆಗ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ದಾರಿ ತಪ್ಪಿತು, ಮತ್ತೆ ಸಿಕ್ಕಿತು. ತಪ್ಪಿದ್ದೂ ಖುಷಿಯಾಗಿತ್ತು. ವಿಲ್ಲಾದ ಮುಂದೆ ನಿಲ್ಲಿಸಿ, ಇಳಿದು, ಬಾಗಿಲು ಹಾಕಿ, ಸೆರಗು ಸರಿ ಮಾಡಿಕೊಂಡು ಗೇಟಿನ ಕಡೆ ನಡೆದೆ.

ಗೇಟಿನಲ್ಲಿದ್ದ ಕಾವಲುಗಾರ, ನೇಪಾಳದ ವಯಸ್ಸಾದ ಮನುಷ್ಯ, ನನಗೆ ಸಲಾಂ ಹೊಡೆದ. ಹೊಸ ಟೀಚರಾ ಎಂದು ಹಿಂದಿಯಲ್ಲಿ ಕೇಳಿದ. ಹೌದು ಅಂದೆ. ಅವನು ನನ್ನ ಭುಜದ ಮೇಲಿಂದ ಕಾರನ್ನು ನೋಡಿ ಮುಖ ಗಂಟಿಕ್ಕಿದ.

"ಮೇಡಂ, ಗಾಡಿ ಗೇಟಿಗೆ ಅಡ್ಡ ಬಂದಿದೆ. ನಿಮ್ಮ ಡ್ರೈವರಿಗೆ ಹೇಳಿ, ಹಿಂದೆ ತೆಗೆದು ಆ ಗೋಡೆ ಪಕ್ಕ ಹಾಕಲಿ."

"ಹೇಳ್ತೀನಿ," ಅಂದೆ.

ವಾಪಸು ಹೋಗಿ ಬಾಗಿಲು ತೆಗೆದು ಸ್ಟಿಯರಿಂಗಿನ ಮುಂದೆ ಕೂತೆ. ಅವನ ಬಾಯಿ ತೆರೆದೇ ಇತ್ತು. ರಿವರ್ಸ್ ಹಾಕಿದೆ, ಪಕ್ಕದ ಸೀಟಿಗೆ ಬಲಗೈ ಕೊಟ್ಟೆ. ರವಿಕೆಯ ಬೆನ್ನಿನಲ್ಲಿ ಹೊಲಿಗೆಯೊಂದು ಪಟ್ಟೆಂದು ಬಿಟ್ಟಿತು. ಬಿಡಲಿ ಎಂದುಕೊಂಡು ಪೂರ್ತಿ ಹಿಂದಕ್ಕೆ ತಿರುಗಿದೆ.